ಬಲಗಡೆಯ ಸೀಟು

ಹೊಸಂಗಡಿಯಲ್ಲಿ ಈಗಲೂ ನನ್ನನ್ನು "ಯುವರ್ ಆನರ್" ಎಂದು ಕರೆಯುವವರು ಕೆಲವರಿದ್ದಾರೆ. ನಾನು ಜಡ್ಜನಾದೆನೆಂದು ಯಾರೂ ತಪ್ಪು ತಿಳಿಯಬಾರದು. ಮುನ್ಸೀಫ್ ಕೋರ್ಟಿನಲ್ಲಿ ಸಾಧಾರಣ ವಕೀಲಿಕೆ ಮಾಡಿಕೊಂಡು, ಕೇಸು ಗೆದ್ದದ್ದಕ್ಕಿಂತ ಹೆಚ್ಚಾಗಿ ವಾಯಿದೆ ಕೇಳಿಕೊಂಡು ಬದುಕಿದವನು ನಾನು. ಆ ಬಿರುದು ನನಗೆ ಸಿಕ್ಕಿದ್ದು ಕೋರ್ಟಿನಲ್ಲಲ್ಲ, ಶಿರಿಯ ಹೊಳೆಯ ಮೇಲೆ, ಒಂದು ಕಾರಿನ ಹಿಂದಿನ ಸೀಟಿನಲ್ಲಿ. ಅದನ್ನು ದೊರಕಿಸಿಕೊಟ್ಟ ಹಿರಿಯರು ಹೋದ ವರ್ಷ ತೀರಿಕೊಂಡರು.

ಅವರ ಬಗ್ಗೆ ಬರೆಯಬೇಕೆಂದು ಎಷ್ಟೋ ಸಲ ಕೂತಿದ್ದೇನೆ. ಕೂತ ಕೂಡಲೇ ನನ್ನ ಮೈ ಎಡಕ್ಕೆ ವಾಲುತ್ತದೆ. ಆ ದಿನ ಕಾರು ಬಲಕ್ಕೆ ವಾಲಿತ್ತು, ಅದಕ್ಕೆ. ವರ್ಷಗಳು ಕಳೆದರೂ ಬಸ್ಸಿನಲ್ಲಿ, ಆಫೀಸಿನ ಕುರ್ಚಿಯಲ್ಲಿ, ಮದುವೆಮನೆಯ ಬೆಂಚಿನಲ್ಲಿ ನಾನು ಎಡಕ್ಕೆ ವಾಲಿಯೇ ಕೂರುವುದು. ನೋಡಿದವರು ವಾತವೆಂದುಕೊಂಡು ಕಷಾಯ ಹೇಳುತ್ತಾರೆ. ನಾನು ಕುಡಿಯುತ್ತೇನೆ. ವಾತವಲ್ಲ, ಹೆದರಿಕೆ ಎಂದು ಹೇಳುವುದಕ್ಕಿಂತ ಕಷಾಯ ಸುಲಭ.

ಅವರನ್ನು ಊರೆಲ್ಲ ವಕೀಲರು ಎಂದೇ ಕರೆಯುತ್ತಿತ್ತು. ನಾನೂ ಹಾಗೆಯೇ ಕರೆಯುತ್ತೇನೆ. ಊರಿನಲ್ಲಿ ಬೇರೆ ವಕೀಲರು ಇರಲಿಲ್ಲವೆಂದಲ್ಲ, ಅವರ ಜೂನಿಯರನಾಗಿ ನಾನೇ ಒಬ್ಬ ಇದ್ದೆ. ಆದರೆ "ವಕೀಲರು ಹೋದರು" ಎಂದು ಯಾರಾದರೂ ಹೇಳಿದರೆ ರಸ್ತೆಯಲ್ಲಿ ಧೂಳೋ ಹೊಗೆಯೋ ಇನ್ನೂ ಇಳಿದಿಲ್ಲ ಎಂದು ಅರ್ಥ. ಮಂಗಳೂರಿನ ಹೆಂಚಿನ ಕಾರ್ಖಾನೆಯ ಸಾಹೇಬರು, ಕೊಡಗಿನ ಕಾಫಿತೋಟದ ದೊರೆಗಳು ತಮ್ಮ ಊರಿಗೆ ಹಡಗು ಹತ್ತುವಾಗ ಯಾರಿಗೂ ಬೇಡವಾಗಿ ಬಿಟ್ಟುಹೋದ ಕಾರುಗಳು ಹೇಗೋ ದಾರಿ ಹುಡುಕಿಕೊಂಡು ಅವರ ಹಟ್ಟಿಗೆ ಬಂದು ಸೇರುತ್ತಿದ್ದವು. ಹಟ್ಟಿ ಎಂದದ್ದು ಅಲಂಕಾರಕ್ಕಲ್ಲ. ಅದು ನಿಜವಾದ ದನದ ಹಟ್ಟಿಯೇ. ಮೊದಲ ಕಾರು ಬಂದಾಗ ದನಗಳನ್ನು ಹಿತ್ತಿಲಿನ ಮಾಡಿಗೆ ಸಾಗಿಸಿದರಂತೆ. ಬೈಹುಲ್ಲಿನ ವಾಸನೆಯೂ ಪೆಟ್ರೋಲಿನ ವಾಸನೆಯೂ ಸೇರಿದ ಗಾಳಿಯಲ್ಲಿ ಅವರು ಬಾನೆಟ್ಟಿನ ಮೇಲೆ ಕೈಯಾಡಿಸುತ್ತ ನಿಂತರೆ, ಮುಂದೆ ಇರುವುದು ಕಾರೋ ಗಬ್ಬದ ಹಸುವೋ ಎಂದು ಸಂಶಯ ಬರುತ್ತಿತ್ತು. ತಮ್ಮ ಗಾಡಿ ಕೆಟ್ಟಿತೆಂದು ಅವರು ಎಂದೂ ಹೇಳಿದವರಲ್ಲ. ನಡುದಾರಿಯಲ್ಲಿ ನಿಂತರೆ, "ವಾಯಿದೆ ಕೇಳುವುದು ಮಾರಾಯ, ಕೊಡುವ" ಎಂದು ಹೇಳಿ ಇಳಿದು, ಮರದ ನೆರಳಿನಲ್ಲಿ ವೀಳ್ಯ ಹಾಕಿಕೊಳ್ಳುತ್ತಿದ್ದರು.

ನಮ್ಮಲ್ಲಿ ಕಾರನ್ನು ಕಂಪೆನಿಯ ಹೆಸರು ಹಿಡಿದು ಕರೆಯುವ ಕ್ರಮ ಇರಲಿಲ್ಲ. ದನಗಳಿಗೆ ಇಡುವ ಹಾಗೆ ಗುಣ ನೋಡಿ ಹೆಸರು. ಅವರ ಮೊದಲ ಗಾಡಿ "ಹಿಮ್ಮುಖಿ". ಅದು ಮೂರು ಪೆಡಲಿನ ಅಮೆರಿಕದ ಗಾಡಿ. ಪೆಟ್ರೋಲಿನ ಟ್ಯಾಂಕಿ ಸೀಟಿನ ಅಡಿಯಲ್ಲಿ. ಪಂಪು ಇಲ್ಲ, ಪೆಟ್ರೋಲು ತನ್ನಷ್ಟಕ್ಕೆ ತಗ್ಗಿಗೆ ಹರಿದು ಎಂಜಿನಿಗೆ ಬರಬೇಕು. ಗುಡ್ಡ ಹತ್ತುವಾಗ ಗಾಡಿಯ ಮೂತಿ ಮೇಲಾಗಿ, ಟ್ಯಾಂಕಿ ಕೆಳಗಾಗಿ, ಎಂಜಿನು ಬಾಯಾರಿ ನಿಲ್ಲುತ್ತಿತ್ತು. ಹಾಗಾಗಿ ಏರು ಬಂದಲ್ಲಿ ಗಾಡಿಯನ್ನು ತಿರುಗಿಸಿ ಹಿಂದುಹಿಂದಾಗಿ ಹತ್ತಿಸುವುದು. ಒಮ್ಮೆ ಹೀಗೆ ಹತ್ತಿಸುತ್ತಿರುವಾಗ ಕೆಳಗಿನಿಂದ ಮುನ್ಸೀಫರ ಜಟಕಾ ಬಂತಂತೆ. ಗುಡ್ಡ ಮುಗಿಯುವ ತನಕ ಇಬ್ಬರೂ ಮುಖಾಮುಖಿ. "ಹಿಂದೆ ತಿರುಗಿ ದಾರಿ ನೋಡಿದರೆ ಮುನ್ಸೀಫರಿಗೆ ಬೆನ್ನು ತೋರಿಸಿದ ಹಾಗೆ, ಅವರನ್ನು ನೋಡಿದರೆ ಚರಂಡಿ. ನಾನು ಚರಂಡಿ ಒಪ್ಪಿಕೊಂಡೆ" ಎಂದು ಅವರು ಹೇಳುತ್ತಿದ್ದರು. ಎಷ್ಟು ಸಲ ಹೇಳಿದರೂ ಚರಂಡಿ ಮೊದಲಿಗಿಂತ ಆಳವಾಗಿರುತ್ತಿತ್ತು.

ಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಕೂಪನು ಬಂದಾಗ ಇನ್ನೊಂದು ಗಾಡಿಯ ಹಿಂಬದಿಗೆ ಇದ್ದಲಿನ ಒಲೆ ಕಟ್ಟಿಸಿ ಅದರ ಗ್ಯಾಸಿನಲ್ಲಿ ಓಡಿಸಿದರು. ಅದರ ಹೆಸರು "ಒಲೆ" ಎಂದೇ. ಹೊರಡುವ ಮೊದಲು ಬಹಳ ಹೊತ್ತು ಗಾಳಿಚಕ್ರ ತಿರುಗಿಸಬೇಕು. ಆ ಕೆಲಸ ಜೂನಿಯರನದ್ದು. ಅವರ ಆಫೀಸಿನಲ್ಲಿ ನಾನು ಕಾನೂನು ಕಲಿತದ್ದಕ್ಕಿಂತ ಒಲೆ ಉರಿಸಲು ಕಲಿತದ್ದು ಹೆಚ್ಚು. ಕೋರ್ಟಿಗೆ ತಲುಪುವಾಗ ನಮ್ಮಿಬ್ಬರ ಕತ್ತಿನ ಬಿಳಿ ಪಟ್ಟಿ ಕೋಟಿನ ಬಣ್ಣಕ್ಕೆ ಬಂದಿರುತ್ತಿತ್ತು. ಕಕ್ಷಿಗಾರರು ಕಾಯುತ್ತಿದ್ದರೆ ಅದರ ಕೆಂಡದಲ್ಲಿ ಹಲಸಿನ ಬೀಜ ಸುಟ್ಟು ಅವರ ಕೈಗೆ ಕೊಡುತ್ತಿದ್ದರು. ಕೇಸು ಸೋತವರೂ ಮತ್ತೆ ಮತ್ತೆ ಬರುತ್ತಿದ್ದದ್ದು ಆ ಬೀಜದ ಆಸೆಗೇ ಇರಬೇಕೆಂದು ನನ್ನ ಅನುಮಾನ.

ಸಂಜೆಯಾದರೆ ಹಟ್ಟಿಯಲ್ಲಿ ಸಭೆ. ಕೂರಲು ಹಳೆಯ ಟಯರುಗಳು, ಯಾವುದೋ ಗಾಡಿಯಿಂದ ಕಿತ್ತಿಟ್ಟ ಒಂದು ಸೀಟು. ತಪ್ಪದೆ ಬರುತ್ತಿದ್ದವನು ಮರದ ವ್ಯಾಪಾರಿ ಇದ್ದಿನಬ್ಬ. ಅವನ ಲಾರಿ ಕೊಡಗಿನ ಮೂಲೆಮೂಲೆಗೆ ಹೋಗುತ್ತಿತ್ತು, ಹಾಗಾಗಿ ಕಥೆಗಳಿಗೆ ಬರವಿರಲಿಲ್ಲ. ಒಬ್ಬ ತೋಟದ ದೊರೆಯ ಕಾರಿಗೆ ಮರದ ಕಡ್ಡಿಗಳ ಚಕ್ರವಂತೆ. ಬೇಸಿಗೆಯಲ್ಲಿ ಮರ ಒಣಗಿ ಕಡ್ಡಿಗಳು ಸಡಿಲವಾಗಿ ಕಟಕಟ ಎನ್ನುತ್ತಿದ್ದವಂತೆ. ಅದಕ್ಕೆ ಆ ದೊರೆ ಸಂಜೆ ಹೊತ್ತು ಕಾರನ್ನು ಎಮ್ಮೆಯ ಹಾಗೆ ಕೆರೆಗೆ ಇಳಿಸಿ ಚಕ್ರ ಮುಳುಗಿಸಿ ನಿಲ್ಲಿಸುತ್ತಿದ್ದನಂತೆ.

"ಮುಟ್ಟಿದ್ದೀಯಾ ಆ ಗಾಡಿಯನ್ನು?" ಎಂದು ವಕೀಲರು ಕೇಳಿದರು. ಸಭೆಗೆ ಅವರು ಮಾಡಿದ್ದ ನಿಯಮ ಅದೊಂದೇ. ಸ್ವಂತ ಕೈಯಿಂದ ಮುಟ್ಟಿದ ಗಾಡಿಯ ಕಥೆ ಮಾತ್ರ ಹೇಳಬೇಕು.

"ಮುಟ್ಟುದು ಎಂತ ವಕೀಲ್ರೆ, ಕೆರೆಯಿಂದ ಮೇಲೆ ದೂಡಿದ್ದೇ ನಾನು. ಬಾನೆಟ್ಟಿನೊಳಗೆ ಒಂದು ಕಪ್ಪೆ ಕೂಡ ಇತ್ತು."

"ಕಪ್ಪೆಯನ್ನು ಮುಟ್ಟಿದ್ದೀಯಾ?"

"ಅದು ನಿಮ್ಮ ನಿಯಮದಲ್ಲಿ ಇಲ್ಲ."

ನನಗೂ ಹೇಳಲು ಆಸೆ. ಮದರಾಸಿನಲ್ಲಿ ಓದುವಾಗ ಲೈಬ್ರರಿಯ ಇಂಗ್ಲಿಷ್ ಪತ್ರಿಕೆಯಲ್ಲಿ ನಾನು ಕಾರುಗಳ ಬಗ್ಗೆ ಬಹಳ ಓದಿದ್ದೆ. ಮೊದಲಿನ ಕೆಲವು ಕಾರುಗಳಿಗೆ ಸ್ಟಿಯರಿಂಗ್ ಚಕ್ರವೇ ಇರಲಿಲ್ಲ, ದೋಣಿಯ ಚುಕ್ಕಾಣಿಯಂಥ ಒಂದು ಕೋಲು ಹಿಡಿದು ತಿರುಗಿಸುತ್ತಿದ್ದರು ಎಂದು ಒಮ್ಮೆ ಹೇಳಿದೆ. ಯಾರೂ ನಂಬಲಿಲ್ಲ. "ಕಾರು ಮುಟ್ಟಿದ್ದಾ, ಚಿತ್ರ ಮುಟ್ಟಿದ್ದಾ?" ಎಂದರು ವಕೀಲರು. ಚಿತ್ರವೆಂದೆ. "ಹಾಗಾದರೆ ಕಾಗದ ಹೇಗಿತ್ತು, ಅದನ್ನು ಹೇಳು." ಆ ಸಭೆಯಲ್ಲಿ ನಿಜ ಹೇಳುತ್ತಿದ್ದವನು ನಾನೊಬ್ಬನೇ. ಅಪನಂಬಿಕೆಯೆಲ್ಲ ನನ್ನ ಪಾಲಿಗೇ ಬರುತ್ತಿತ್ತು.

ಇಷ್ಟೆಲ್ಲ ಇದ್ದೂ ವಕೀಲರಿಗೆ ಒಂದು ಕೊರತೆ. ಅವರ ಹೆಂಡತಿ, ನಾನು ಅಕ್ಕ ಎಂದು ಕರೆಯುತ್ತಿದ್ದವರು, ಅವರ ಯಾವ ಗಾಡಿಯಲ್ಲೂ ಒಮ್ಮೆಯೂ ಕೂತಿರಲಿಲ್ಲ. ಹಟ್ಟಿಗೆ ಕಾಫಿ ಕಳಿಸುತ್ತಿದ್ದರು, ಗಾಡಿ ಹೊರಡುವಾಗ ಚಾವಡಿಯಲ್ಲಿ ನಿಂತು ನೋಡುತ್ತಿದ್ದರು, ಹತ್ತಿ ಎಂದರೆ ಮಾತ್ರ ಇಲ್ಲ. ಮದುವೆಯಾದ ಹೊಸತರಲ್ಲಿ ಹಿಮ್ಮುಖಿಯ ಹ್ಯಾಂಡಲು ತಿರುಗಿಸುವಾಗ ಅದು ಹಿಂದಕ್ಕೆ ಹೊಡೆದು ವಕೀಲರ ಮಣಿಕಟ್ಟು ಮುರಿದಿತ್ತಂತೆ. ಆವತ್ತೇ ಅಕ್ಕ ನಿಶ್ಚಯ ಮಾಡಿದ್ದು. "ನಿಮ್ಮ ಕೈ ಮುರಿದ ಪ್ರಾಣಿಯ ಬೆನ್ನು ಹತ್ತಲಿಕ್ಕೆ ನನಗೆ ಎಂತ ಹುಚ್ಚಾ? ಮಂಜೇಶ್ವರದಲ್ಲಿ ರೈಲು ಉಂಟು. ಅದಕ್ಕೆ ಹಳಿ ಉಂಟು" ಎನ್ನುತ್ತಿದ್ದರು.

ವಕೀಲರು ಬಿಡಲಿಲ್ಲ. ಹೊಸ ಗಾಡಿ ಬಂದಾಗಲೆಲ್ಲ ಮುಂದಿನ ಸೀಟಿಗೆ ಹೊಸ ದಿಂಬು ಹೊಲಿಸಿದರು. ಅದರ ಮೇಲೆ ಮಲ್ಲಿಗೆ ಚೆಂಡು ಇಟ್ಟು ಕರೆದರು. ಅಕ್ಕ ಬಂದು ಮಲ್ಲಿಗೆ ಎತ್ತಿ ಮುಡಿದುಕೊಂಡು ಸ್ಟೇಷನಿಗೆ ನಡೆದರು. ಮಾತಿನಲ್ಲಿ ಇಡೀ ತಾಲೂಕನ್ನು ಸೋಲಿಸುತ್ತಿದ್ದ ಮನುಷ್ಯ ಈ ಒಂದು ವಿಷಯ ಬಂದಾಗ ಸಣ್ಣವರಾಗುತ್ತಿದ್ದರು. ಒಮ್ಮೆ ಸಭೆ ಮುಗಿದು ಇದ್ದಿನಬ್ಬ ಹೋದ ಮೇಲೆ ನನ್ನೊಡನೆ ಹೇಳಿದರು: "ನೋಡು, ಊರವರೆಲ್ಲ ಕೂತಿದ್ದಾರೆ. ಜಪ್ತಿ ಅಮೀನನೂ ಕೂತಿದ್ದಾನೆ. ಅವಳು ಒಂದು ಸಲ ಕೂತರೆ ಸಾಕಿತ್ತು. ನನ್ನನ್ನು ನಂಬಿ ಕೂತಳು ಹೇಳಿ ಆಗಬೇಕಿತ್ತು ಮಾರಾಯ." ಆಮೇಲೆ ಬಹಳ ಹೊತ್ತು ದೀಪದ ಗಾಜು ಒರೆಸುತ್ತ ನಿಂತರು, ಒರೆಸಲು ಅದರಲ್ಲಿ ಏನೂ ಇರಲಿಲ್ಲ.

ಯುದ್ಧ ಮುಗಿದು ಪೆಟ್ರೋಲು ಸಿಗುವಂತಾದ ಮೇಲೆ "ಮಾಹೆಯವಳು" ಬಂದಳು. ಫ್ರೆಂಚರ ಕೈಯಲ್ಲಿದ್ದ ಮಾಹೆಯಲ್ಲಿ ಯಾರೋ ಅಧಿಕಾರಿ ತರಿಸಿದ್ದ ಕಾರು. ಅದರ ವಿಶೇಷವೆಂದರೆ ಸ್ಟಿಯರಿಂಗ್ ಎಡಬದಿಗೆ. ನಮ್ಮ ದಾರಿಯಲ್ಲಿ ಹೋಗುವ ಎಲ್ಲ ಕಾರುಗಳಲ್ಲಿ ಬಿಡುವವನು ಬಲಕ್ಕೆ ಕೂತರೆ ಇದರಲ್ಲಿ ಎಡಕ್ಕೆ. ಮುಂದೆ ಉದ್ದವಾದ ಒಂದೇ ಸೀಟು, ಹಿಂದೆ ಒಬ್ಬರೂವರೆ ಜನ ಕೂರುವ ಜಾಗ. ಅರ್ಧ ಜನ ಸಿಗದಿದ್ದಾಗ ನಾನು ಕೂರುತ್ತಿದ್ದೆ. ಕೈಬ್ರೇಕು ಇತ್ತು, ಆದರೆ ಅದು ಹಿರಿಯರ ಫೋಟೋದ ಹಾಗೆ, ಗೌರವಕ್ಕೆ ಮಾತ್ರ.

ಅಕ್ಕ ಆ ಗಾಡಿ ಹತ್ತಿದ್ದು ಮಲ್ಲಿಗೆಗಲ್ಲ. ಕಾಸರಗೋಡಿನ ಹತ್ತಿರ ಅವರ ಅಣ್ಣನ ಮನೆ. ಅಲ್ಲಿ ಒಂದು ಸಮಾರಂಭಕ್ಕೆ ಅಕ್ಕ ರೈಲಿಳಿದು ಬಿಸಿಲಿನಲ್ಲಿ ನಡೆದು ಹೋದಾಗ, "ಗಂಡನಿಗೆ ಹಟ್ಟಿ ತುಂಬ ಕಾರು, ಹೆಂಡತಿಗೆ ಕಾಲುದಾರಿ. ಕಾರುಗಳೆಲ್ಲ ಗೊಬ್ಬರಕ್ಕಾ?" ಎಂದು ಅಣ್ಣ ನೆಂಟರ ನಡುವೆ ತಮಾಷೆ ಮಾಡಿದ್ದರಂತೆ. ಅಕ್ಕ ಮನೆಗೆ ಬಂದವರೇ, "ಅಣ್ಣನ ಷಷ್ಟಿಪೂರ್ತಿಗೆ ನಾವು ಗಾಡಿಯಲ್ಲಿ ಹೋಗುವ" ಎಂದರು. ವಕೀಲರು ಕೇಳಿದ್ದನ್ನು ನಂಬದೆ, "ಯಾವ ಗಾಡಿ?" ಎಂದರು. "ನಿಮ್ಮನ್ನು ನೆಗಾಡಿದ್ದು ನನಗೆ ಸರಿ ಕಾಣಲಿಲ್ಲ. ನೆಗಾಡುವುದಾದರೆ ನಾನು ನೆಗಾಡುತ್ತೇನೆ, ಅವನಿಗೆ ಎಂತ?"

ಆ ದಿನ ಬೆಳಿಗ್ಗೆ ವಕೀಲರು ನಡೆದದ್ದು ನೆಲದ ಮೇಲಲ್ಲ. ಅಕ್ಕ ಪಟ್ಟೆಸೀರೆ ಉಟ್ಟು ಮುಂದಿನ ಸೀಟಿನಲ್ಲಿ, ಬಲಗಡೆಗೆ, ಬೆನ್ನು ನೆಟ್ಟಗೆ ಮಾಡಿ ಕೂತರು. ಹಿಂದೆ ನಾನು, ನನ್ನ ಪಕ್ಕದಲ್ಲಿ ಅಣ್ಣನಿಗೆಂದು ಒಂದು ಹಲಸಿನಹಣ್ಣು. ಉಪ್ಪಳ ಪೇಟೆಯಲ್ಲಿ ಜನ ಅಂಗಡಿಯಿಂದ ಹೊರಗೆ ಬಂದು ನಿಂತರು. ಎಂತಕ್ಕೆಂದು ನಮಗೆ ಮೊದಲು ತಿಳಿಯಲಿಲ್ಲ. ಬಲಗಡೆಗೆ ಕೂತವರೇ ಕಾರು ಬಿಡುವವರೆಂದು ಅವರ ಅಭ್ಯಾಸ. ವಕೀಲರ ಹೆಂಡತಿ ಕೈಯೆರಡನ್ನೂ ಮಡಿಲಲ್ಲಿ ಇಟ್ಟುಕೊಂಡು ಕಾರು ಬಿಡುತ್ತಿದ್ದಾರೆ ಎಂದು ಅವರು ಬೆರಗಾಗಿದ್ದರು. ಒಬ್ಬ ಮುದುಕ ಕೈಮುಗಿದ. ಅಕ್ಕ ಅಷ್ಟೇ ಗಂಭೀರವಾಗಿ ತಲೆಯಾಡಿಸಿದರು. ವಕೀಲರು ನಕ್ಕ ನಗುವಿಗೆ ಗಾಡಿ ಒಮ್ಮೆ ದಾರಿ ಬಿಟ್ಟಿತು.

ಶಿರಿಯ ಹೊಳೆಗೆ ಆಗ ನಮ್ಮ ದಾರಿಯಲ್ಲಿ ಸೇತುವೆ ಇರಲಿಲ್ಲ. ಎರಡು ದೊಡ್ಡ ದೋಣಿಗಳನ್ನು ಜೋಡಿಸಿ ಮೇಲೆ ಹಲಗೆ ಹಾಸಿದ ಜಂಗಲಿನಲ್ಲಿ ಕಾರು ದಾಟಿಸಬೇಕು. ಜಂಗಲಿನ ಐತಪ್ಪ ವಕೀಲರಿಗೆ ಹಳೆಯ ಪರಿಚಯ. ಅವನ ಮಾತು ತುಳು. ಪ್ರತಿಸಲವೂ ಅವನು ಜಂಗಲಿನ ಮೇಲೆ ನಿಂತು ಗಾಡಿಯ ಕಡೆ ಮುಖ ಮಾಡಿ, ಹಿಂದೆ ಹಿಂದೆ ಹೆಜ್ಜೆಯಿಡುತ್ತ, "ಬಲೆ, ಬಲೆ" ಎಂದು ಕರೆಯುತ್ತಿದ್ದ. ತುಳುವಿನಲ್ಲಿ ಬಲೆ ಎಂದರೆ ಬನ್ನಿ. ವಕೀಲರ ಮನೆಮಾತು ಕನ್ನಡವಾದರೂ ತುಳು ಅವರಿಗೆ ನೀರು ಕುಡಿದಷ್ಟು ಸಲೀಸು. ಒಂದು ದಿನವೂ ತೊಂದರೆಯಾದದ್ದಿಲ್ಲ.

ಆ ದಿನ ಐತಪ್ಪ ಗಾಡಿಯೊಳಗೆ ಅಕ್ಕನನ್ನು ಕಂಡ. ಹೆಗಲ ಬೈರಾಸು ತೆಗೆದು ಸೊಂಟಕ್ಕೆ ಕಟ್ಟಿದ. ವಕೀಲರ ಹೆಂಡತಿ ಮೊದಲ ಸಲ ತನ್ನ ಜಂಗಲಿಗೆ ಬಂದಿದ್ದಾರೆ, ಇಂದು ಕನ್ನಡದಲ್ಲೇ ಮಾತಾಡಬೇಕು ಎಂದು ಅವನಿಗೆ ತೋರಿತು. ನಮಗೆ ಮುಳುವಾದದ್ದು ಆ ಮರ್ಯಾದೆ.

"ಬನ್ನಿ ಧಣಿ, ಮೆಲ್ಲ ಬನ್ನಿ. ಸ್ವಲ್ಪ ಎಡ. ಎಡ. ಹಾಂ, ಸಾಕು. ನೇರ ಬನ್ನಿ" ಎಂದು ಶುದ್ಧ ಕನ್ನಡದಲ್ಲಿ ಶುರುಮಾಡಿದ. ದಂಡೆಯ ಹಲಗೆಗಳ ಮೇಲೆ ಗಾಡಿ ಹತ್ತಿತು. ಮುಂದಿನ ಚಕ್ರಗಳು ಜಂಗಲಿಗೆ ಇಳಿದವು. ಇನ್ನೇನು ಆಯಿತು ಎನ್ನುವಾಗ ಐತಪ್ಪನ ಹುರುಪು ಕನ್ನಡವನ್ನು ಮೀರಿತು. ಎರಡೂ ಕೈ ಬೀಸುತ್ತ, "ಬಲ, ಬಲ, ಬಲ" ಎಂದ.

ವಕೀಲರು ಬಲಕ್ಕೆ ತಿರುಗಿಸಿದರು.

ಎಡಕ್ಕೆ ಕೂತು ಬಿಡುವವರಿಗೆ ಗಾಡಿಯ ಬಲ ಅಂಚು ಕಾಣುವುದಿಲ್ಲ. ನನಗೆ ಕಂಡಿತು. ಬಲಗಡೆಯ ಮುಂದಿನ ಚಕ್ರ ಹಲಗೆಯ ಅಂಚು ದಾಟಿ ಗಾಳಿಗೆ ಹೋಯಿತು. ಗಾಡಿಯ ಹೊಟ್ಟೆ ಹಲಗೆಗೆ ಬಡಿದ ಸದ್ದು. ಆಮೇಲೆ ಇಡೀ ಜಂಗಲು, ನಾವು, ಹಲಸಿನಹಣ್ಣು, ಎಲ್ಲ ಬಲಕ್ಕೆ ವಾಲಿದೆವು. ಅಕ್ಕನ ಪಕ್ಕದ ಕಿಟಕಿಯಲ್ಲಿ ಆಕಾಶವಿದ್ದಲ್ಲಿ ಹೊಳೆ ಬಂತು. ಇಳಿತದ ನೀರು ಸಮುದ್ರದ ಕಡೆಗೆ ಸುರುಳಿ ಸುತ್ತುತ್ತ ಓಡುತ್ತಿತ್ತು. ಈಗಲೂ ಕಣ್ಣು ಮುಚ್ಚಿದರೆ ನನಗೆ ಮೊದಲು ಕಾಣುವುದು ಆ ಕಿಟಕಿ.

"ಉಂತುಲೆ, ಉಂತುಲೆ" ಎಂದು ಐತಪ್ಪ ಕೂಗಿದ, ನಿಲ್ಲಿ ಎಂದು. "ಬ್ರೇಕು ಬಿಡಬೇಡಿ ಧಣಿ."

"ಬಿಡುವುದಿಲ್ಲ" ಎಂದರು ವಕೀಲರು. ಅಂಥ ಸಣ್ಣ ಧ್ವನಿ ಅವರಲ್ಲಿ ಇತ್ತೆಂದು ನನಗೆ ಗೊತ್ತಿರಲಿಲ್ಲ.

ನಾನು ಎದ್ದು ನಿಂತೆ. ಆಪತ್ತಿನಲ್ಲಿ ಕೆಲವರು ದೇವರನ್ನು ಕರೆಯುತ್ತಾರೆ, ಕೆಲವರು ಹೆತ್ತ ತಾಯಿಯನ್ನು. ಬಿ.ಎ., ಬಿ.ಎಲ್. ಓದಿದ ನಾನು ಮುನ್ಸೀಫರನ್ನು ಕರೆದೆ. "ಯುವರ್ ಆನರ್" ಎಂದು ಗಟ್ಟಿಯಾಗಿ, ಎರಡು ಸಲ.

ಅಕ್ಕ ತಲೆ ತಿರುಗಿಸಲಿಲ್ಲ. "ಮಾಣಿ, ಕೂತುಕೊ" ಎಂದರು. "ನೀನು ಎದ್ದರೆ ಹಿಂದಿನ ಭಾರ ಹೋಗುತ್ತದೆ. ನಾವು ಹೊಳೆಗೆ."

ನಾನು ಕೂತೆ. ಆ ದಿನ ನನ್ನ ವಿದ್ಯೆಯಿಂದ ಆದ ಉಪಕಾರ ಅಷ್ಟೇ. ಅದು ಒಂದು ಅಕ್ಕಿಮುಡಿಯಿಂದಲೂ ಆಗುತ್ತಿತ್ತು. ಅಕ್ಕಿಮುಡಿ ಕೂಗುತ್ತಿರಲಿಲ್ಲ.

ಅಕ್ಕನ ಬಾಗಿಲಿನ ಹೊರಗೆ ನೀರು. ಹಿಂದಕ್ಕೆ ದಾಟಲು ಜಾಗವಿಲ್ಲ. ಉಳಿದದ್ದು ಎಡಗಡೆಯ ಬಾಗಿಲು. ನಡುವೆ ವಕೀಲರು, ಬ್ರೇಕಿನ ಮೇಲೆ ಎರಡೂ ಕಾಲು ಊರಿಕೊಂಡು.

"ನನ್ನ ಮೇಲಿಂದ ದಾಟಿ ಈಚೆ ಇಳಿ" ಎಂದರು ವಕೀಲರು.

"ಎಂತ?"

"ದಾಟು ಹೇಳಿದ್ದು."

ಜಂಗಲಿನಲ್ಲಿ ಮೀನಿನ ಬುಟ್ಟಿಯ ಹೆಂಗಸರು, ಕುಂಬಳೆಗೆ ಹೋಗುವ ನಾಲ್ಕೈದು ಗಂಡಸರು, ಒಬ್ಬನ ಕೈಯಲ್ಲಿ ಹಗ್ಗ ಕಟ್ಟಿದ ಆಡು. ಎಲ್ಲರೂ ನಮ್ಮನ್ನೇ ನೋಡುತ್ತಿದ್ದರು. ಅಕ್ಕ ಒಮ್ಮೆ ಅವರನ್ನು ನೋಡಿದರು, ಒಮ್ಮೆ ನೀರನ್ನು.

"ಇಷ್ಟು ಜನರ ಎದುರು ಗಂಡನ ತೊಡೆಯ ಮೇಲೆ ಹತ್ತಲಿಕ್ಕೆ ನನ್ನಿಂದ ಆಗುದಿಲ್ಲ."

"ನೀರು ಆಳ ಉಂಟು ಮಾರಾಯ್ತಿ."

"ಇರಲಿ."

ಅಕ್ಕ ತಮಾಷೆ ಮಾಡುತ್ತಿರಲಿಲ್ಲ. ಅದು ನನಗೆ ಚೆನ್ನಾಗಿ ಗೊತ್ತಿತ್ತು, ವಕೀಲರಿಗೆ ನನಗಿಂತ ಚೆನ್ನಾಗಿ. ಅವರ ಕಾಲು ನಡುಗುತ್ತಿತ್ತು. ನಡುಕ ಪೆಡಲಿಗೆ, ಪೆಡಲಿನಿಂದ ಗಾಡಿಗೆ, ಗಾಡಿಯಿಂದ ನನ್ನ ಹಲ್ಲಿಗೆ ಬಂದು ಮುಟ್ಟಿತು. ಗಾಡಿ ಇನ್ನೊಂದು ಸ್ವಲ್ಪ ಜಾರಿತು.

ಐತಪ್ಪನಿಗೆ ವಿಷಯ ಅರ್ಥವಾಯಿತು. "ಎಲ್ಲರೂ ಆಚೆ ತಿರುಗಿ" ಎಂದು ಗರ್ಜಿಸಿದ. "ಹೆಂಗಸರೂ, ಗಂಡಸರೂ. ಈಚೆ ನೋಡಿದವರನ್ನು ನಾನೇ ಹೊಳೆಗೆ ದೂಡುತ್ತೇನೆ." ಎಲ್ಲರೂ ಬೆನ್ನು ಹಾಕಿ ಸಮುದ್ರದ ಕಡೆಗೆ ಮುಖ ಮಾಡಿ ನಿಂತರು. ಐತಪ್ಪನೂ ತಿರುಗಿದ. ಆಡು ಮಾತ್ರ ತಿರುಗಲಿಲ್ಲ. ನಾನು ತಿರುಗುವಂತಿರಲಿಲ್ಲ, ಕಣ್ಣು ಮುಚ್ಚಿಕೊಂಡೆ.

ಹಾಗಾಗಿ ಆಮೇಲಿನದು ನನಗೆ ಕೇಳಿ ಗೊತ್ತು. ಪಟ್ಟೆಸೀರೆಯ ಸರಸರ. ಬಳೆಗಳು ಸ್ಟಿಯರಿಂಗಿಗೆ ತಾಗಿದ್ದು. "ಮೆಲ್ಲ. ಕಾಲು ಇಲ್ಲಿಡು. ಹೆಗಲು ಹಿಡಿದುಕೊ." "ನಿಮಗೆ ನೋವಾ?" "ಇಲ್ಲ, ದಾಟು." ಆಗ ಹಾರನಿನ ರಬ್ಬರು ಚೆಂಡು ಅಕ್ಕನ ಮೊಣಕಾಲಿಗೆ ಸಿಕ್ಕಿ ಹೊಳೆಯುದ್ದಕ್ಕೂ ಕೇಳುವ ಹಾಗೆ "ಪೋಂ" ಎಂದಿತು. ಜನರ ಬೆನ್ನುಗಳು ನಡುಗಿದ್ದನ್ನು ನಾನು ನೋಡದೆಯೇ ಬಲ್ಲೆ. "ಥೂ, ಇದರ" ಎಂದರು ಅಕ್ಕ. ಬಾಗಿಲು ತೆರೆದ ಸದ್ದು. ಹಲಗೆಯ ಮೇಲೆ ಪಾದ.

ಗಾಡಿಯಲ್ಲಿ ಉಳಿದದ್ದು ನಾವಿಬ್ಬರು. ಹಗ್ಗ, ಬಿದಿರು ಬರುವ ತನಕ ವಕೀಲರು ಬ್ರೇಕು ಬಿಡುವಂತಿಲ್ಲ, ನಾನು ಏಳುವಂತಿಲ್ಲ. ಅವರಿಗೆ ತಲೆ ತಿರುಗಿಸಲೂ ಧೈರ್ಯವಿರಲಿಲ್ಲ.

"ಅವಳು ಇಳಿದಳಾ?" ಎಂದು ಕೇಳಿದರು.

"ಇಳಿದರು."

"ಕಣ್ಣು ಬಿಟ್ಟು ನೋಡಿ ಹೇಳು."

ನೋಡಿದೆ. ಅಕ್ಕ ದಂಡೆಯಲ್ಲಿ ಸೆರಗು ಸರಿಮಾಡುತ್ತ ನಿಂತಿದ್ದರು. ಹೇಳಿದೆ.

"ಹಾಗಾದರೆ ಇನ್ನು ಬಿದ್ದರೂ ಅಡ್ಡಿ ಇಲ್ಲ" ಎಂದು ವಕೀಲರು ದೊಡ್ಡ ಉಸಿರು ಬಿಟ್ಟರು.

ನನಗೆ ಅಡ್ಡಿ ಇದೆ ಎಂದು ಹೇಳಬೇಕೆಂದಿದ್ದೆ. ಹಗ್ಗ ಕಟ್ಟಿ, ಬಿದಿರು ಕೊಟ್ಟು, ಮೀನಿನವರೂ ಆಡಿನವನೂ ಸೇರಿ ಗಾಡಿಯನ್ನು ಎತ್ತಿ ಹಲಗೆಗೆ ತರುವ ತನಕ ನಾನು ಹಲಸಿನಹಣ್ಣನ್ನು ಅಪ್ಪಿಕೊಂಡಿದ್ದೆನಂತೆ. ಅಂಗಿಯಿಂದ ಮೇಣ ಹೋಗಲೇ ಇಲ್ಲ.

ಆಮೇಲೆ ಜಂಗಲಿನ ಮೇಲೆಯೇ ವಿಚಾರಣೆ. "ಬಲಕ್ಕೆ ಹೊಳೆ ಇರುವಾಗ ಬಲ ಯಾಕೆ ಹೇಳಿದ್ದು ನೀನು?" ಎಂದು ವಕೀಲರು ಕೇಳಿದರು.

"ಎಡಬಲದ ಬಲ ಅಲ್ಲ ಧಣಿ. ಬಾ ಅಂತ. ತುಳುವಿನ ಬಲ."

"ಪ್ರತಿಸಲ ಬಲೆ ಹೇಳುವವನು ಇವತ್ತು ಬಲ ಯಾಕೆ ಹೇಳಿದೆ? ಬಲೆ ಹೇಳಿದ್ದರೆ ನನಗೆ ಗೊತ್ತಾಗುತ್ತಿತ್ತು."

ಐತಪ್ಪ ನೊಂದುಕೊಂಡ. "ಬಲೆ ಹೇಳುವುದು ನಿಮಗೆ. ನಿಮ್ಮ ಹತ್ತಿರ ಇವತ್ತು ನಾನು ಕನ್ನಡದಲ್ಲಿ ಮಾತಾಡಿದ್ದು, ಬನ್ನಿ ಅಂತಲೇ ಹೇಳಿದ್ದು. ಕಡೆಗೆ ಬಲ ಹೇಳಿದ್ದು ಗಾಡಿಗೆ. ನಿಮ್ಮಂಥವರನ್ನು ಬಲ ಅಂತ ಏಕವಚನದಲ್ಲಿ ಕರೆಯಲಿಕ್ಕೆ ನನಗೆ ಮಂಡೆ ಸರಿ ಇಲ್ಲವಾ? ಗಾಡಿಗೆ ಎಂತ ಬಹುವಚನ?"

"ಅವನು ಹೇಳುವುದು ನ್ಯಾಯ ಉಂಟು" ಎಂದು ವಕೀಲರು ನನ್ನ ಕಡೆ ತಿರುಗಿ ತೀರ್ಪು ಕೊಟ್ಟರು. "ವ್ಯಾಕರಣ ಸರಿ ಇದೆ. ಗಾಡಿಗೇ ತುಳು ಬರುವುದಿಲ್ಲ."

ಆಚೆ ದಂಡೆಗೆ ಮುಟ್ಟಿದ ಮೇಲೆ ಅವರ ತಮಾಷೆ ನಿಂತಿತು. ಗಾಡಿ ಮೇಲೆ ಬಂದಿತ್ತು, ಎಂಜಿನು ಸರಿಯಿತ್ತು. ಅವರು ಹತ್ತಲಿಲ್ಲ. ಒಂದು ಕಲ್ಲಿನ ಮೇಲೆ ಕೂತು ಬಲಗಾಲನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದುಕೊಂಡಿದ್ದರು. ಅಕ್ಕನ ಮುಖ ನೋಡದೆ, "ಕುಂಬಳೆಯಲ್ಲಿ ರೈಲು ಸಿಗಬಹುದು. ಮಾಣಿ ಜೊತೆಗೆ ಬರುತ್ತಾನೆ. ನೀನು ಹೋಗು" ಎಂದರು. ಅಷ್ಟು ವರ್ಷ ಕಾದು ಪಡೆದದ್ದನ್ನು ಅವರು ಅಲ್ಲಿ, ಆ ಮರಳಿನ ಮೇಲೆ, ವಾಪಸು ಕೊಡುತ್ತಿದ್ದರು. ಇನ್ನು ಕರೆಯುವ ಬಾಯಿ ಅವರಿಗೆ ಇರಲಿಲ್ಲ.

ಅಕ್ಕ ಗಾಡಿಯ ಸುತ್ತ ಒಂದು ಸುತ್ತು ಬಂದರು. ಬಲಗಡೆಯ ಬಾಗಿಲು ತೆರೆದು ಹತ್ತಿ, ಅದೇ ಸೀಟಿನಲ್ಲಿ ಕೂತು, ಬಾಗಿಲು ಹಾಕಿಕೊಂಡರು. ಕಿಟಕಿಯಿಂದ, "ಅಣ್ಣನ ಮನೆಗೆ ನಡೆದು ಹೋಗಲಿಕ್ಕೆ ನಾನು ಇಷ್ಟೆಲ್ಲ ಮಾಡಿದ್ದಾ? ಬನ್ನಿ" ಎಂದರು.

ವಕೀಲರು ಬಂದರು. ಬಹಳ ನಿಧಾನ ಬಿಟ್ಟರು. ಎತ್ತಿನಗಾಡಿಗಳು ನಮ್ಮನ್ನು ದಾಟಿ ಹೋದವು. ಸ್ವಲ್ಪ ದೂರ ಹೋಗುವಾಗ ಅವರು ಮಾತಾಡತೊಡಗಿದರು. "ಈಗ ಎಡಕ್ಕೆ ಒಂದು ಅಶ್ವತ್ಥಕಟ್ಟೆ. ಮೂರು ಜನ ಕೂತಿದ್ದಾರೆ. ಎದುರಿನಿಂದ ಒಂದು ಸೈಕಲು, ಅವನು ಬದಿಗೆ ಸರಿದ. ಇನ್ನು ಸಣ್ಣ ಇಳಿಜಾರು, ಮೆಲ್ಲ ಹೋಗುತ್ತೇನೆ." ಅಕ್ಕ "ಹೂಂ" ಎನ್ನುತ್ತಿದ್ದರು. ಕಣ್ಣೆದುರು ಇರುವುದನ್ನೇ ಹೀಗೆ ಒಂದೊಂದಾಗಿ ಹೇಳುವುದನ್ನು ಕೇಳಿ, ಹೆದರಿಕೆಯಿಂದ ವಕೀಲರ ತಲೆಗೆ ಏನೋ ಆಗಿದೆಯೆಂದು ನಾನು ಹಿಂದಿನ ಸೀಟಿನಲ್ಲಿ ನಿಶ್ಚಯಿಸಿದೆ. ನನ್ನ ತಲೆ ಸರಿಯಿದೆಯೆಂಬ ಧೈರ್ಯ ನನಗೆ ಎಲ್ಲಿಂದ ಬಂತೋ, ಗೊತ್ತಿಲ್ಲ.

ಆಮೇಲೆ ಅಕ್ಕ ಆ ಗಾಡಿಯಲ್ಲಿ ಬೇಕಾದಷ್ಟು ಸಲ ಹೋದರು. ಮಂಗಳೂರಿಗೆ ಹೋದರು, ಎಣ್ಮಕಜೆಯ ನೆಂಟರ ಮನೆಗೆ ಹೋದರು. ಎಲ್ಲಿಗೆ ಹೋದರೂ ವಕೀಲರ ವರದಿ ತಪ್ಪಲಿಲ್ಲ. ಹಟ್ಟಿಯ ಸಭೆಯೂ ನಡೆಯಿತು, ಚರಂಡಿ ಇನ್ನಷ್ಟು ಆಳವಾಯಿತು, ಇದ್ದಿನಬ್ಬನ ಒಂದು ಕಪ್ಪೆ ಮೂರಾಯಿತು. ಜಂಗಲಿನ ಕಥೆಯನ್ನು ಮಾತ್ರ ವಕೀಲರು ಹೇಳಲಿಲ್ಲ. ಇದ್ದಿನಬ್ಬ ಎಷ್ಟು ಕೆಣಕಿದರೂ, "ಅದು ಅವಳದ್ದು. ಬೇಕಾದರೆ ಒಳಗೆ ಹೋಗಿ ಕೇಳು" ಎನ್ನುತ್ತಿದ್ದರು. ಯಾರಿಗೂ ಅಷ್ಟು ಧೈರ್ಯವಿರಲಿಲ್ಲ. ನನ್ನ "ಯುವರ್ ಆನರ್" ಭಾಗಕ್ಕೆ ಆ ನಿಷೇಧ ಇರಲಿಲ್ಲವಾದ್ದರಿಂದ ಅದೊಂದು ಊರೆಲ್ಲ ಹಬ್ಬಿತು.

ಹೋದ ವರ್ಷ ಅವರಿಗೆ ಎದೆನೋವು ಬಂತು. ಎರಡು ದಿನ ಮಲಗಿದರು, ಅಷ್ಟೆ. ಮಾಹೆಯವಳನ್ನು ಇದ್ದಿನಬ್ಬ ಕೊಂಡುಹೋಗಿ ತನ್ನ ಮರದ ಶೆಡ್ಡಿನಲ್ಲಿ ನಿಲ್ಲಿಸಿದ್ದಾನೆ. ಅದನ್ನು ಯಾರೂ ಬಿಡುವುದಿಲ್ಲ. ಎಡಗೈ ಬದಿಯ ಸ್ಟಿಯರಿಂಗಿಗೆ ಧೈರ್ಯ ಮಾಡುವವರು ಈಗ ಇಲ್ಲ.

ಕೆಲವು ತಿಂಗಳ ಮೇಲೆ ಅಕ್ಕನನ್ನು ಅವರ ಅಣ್ಣನ ಮನೆಗೆ ಕರೆದುಕೊಂಡು ಹೋಗುವ ಕೆಲಸ ನನಗೆ ಬಂತು. ರೈಲು ಬೇಡ, ಬಸ್ಸಿನಲ್ಲಿ ಹೋಗುವ ಎಂದರು. ನಾವು ಈಗ ಕೇರಳವಾದ್ದರಿಂದ ಬಸ್ಸಿನ ಬೋರ್ಡು ಮಲಯಾಳಕ್ಕೆ ತಿರುಗಿದೆ. ಅಕ್ಕ ಕಂಡಕ್ಟರನೊಡನೆ ಎರಡು ಸಲ ಕೇಳಿ, ಕಾಸರಗೋಡಿಗೇ ಎಂದು ಖಚಿತ ಮಾಡಿಕೊಂಡು ಹತ್ತಿದರು. ಕಿಟಕಿಯ ಬದಿಗೆ ಅವರು, ಈಚೆ ನಾನು. ಹೊಸಂಗಡಿ ಬಿಟ್ಟ ಮೇಲೆ ಅವರು ಹೊರಗೆ ನೋಡುತ್ತ ಆಗಾಗ ತಮ್ಮಷ್ಟಕ್ಕೆ "ಉಂಟು" ಎನ್ನುತ್ತಿದ್ದರು. ಒಂದು ಬಾಗಿದ ತೆಂಗು ದಾಟಿತು. "ಉಂಟು" ಎಂದರು. ನೀಲಿ ಬಾಗಿಲಿನ ಅಂಗಡಿ ದಾಟಿತು. "ಅದೂ ಉಂಟು."

ಎಂತ ಅಕ್ಕ ಎಂದು ಕೇಳಿದೆ.

"ನಾನು ಈ ದಾರಿ ಸರಿಯಾಗಿ ನೋಡುವುದು ಇವತ್ತೇ ಮಾಣಿ" ಎಂದರು. "ಆ ಗಾಡಿಯಲ್ಲಿ ನಾನು ಕಣ್ಣು ಬಿಟ್ಟು ಕೂತದ್ದು ಜಂಗಲಿನ ತನಕ. ಮತ್ತೆ ಒಂದು ದಿನವೂ ಬಿಟ್ಟದ್ದಿಲ್ಲ. ಬಿಟ್ಟರೆ ನೀರೇ ಕಾಣುವುದು."

"ವಕೀಲರಿಗೆ ಗೊತ್ತಿತ್ತಾ?"

"ಗೊತ್ತಿಲ್ಲದೆ ಎಂತಕ್ಕೆ ಅಷ್ಟು ಹೇಳುವುದು? ಕೂರುವುದಿಲ್ಲ ಹೇಳಿದ್ದರೆ ಅವರು ಆ ಕಲ್ಲಿನ ಮೇಲಿಂದ ಏಳುತ್ತಿರಲಿಲ್ಲ. ಕೂತೆ. ಕಣ್ಣು ಬಿಡು ಹೇಳಿ ಅವರು ಒಂದು ಸಲವೂ ಕೇಳಲಿಲ್ಲ." ಮತ್ತೆ ಕಿಟಕಿಗೆ ತಿರುಗಿದರು. "ಹಟ್ಟಿಯಲ್ಲಿ ಹೇಳುವ ಹಾಗೆ ಉಪ್ಪು ಖಾರ ಹಾಕಿ ಹೇಳುತ್ತಾರೆ ಅಂದುಕೊಂಡಿದ್ದೆ. ಇಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದು."

ಶಿರಿಯ ಹೊಳೆಗೆ ಈಗ ಸೇತುವೆಯಾಗಿದೆ. ಅದು ಹತ್ತಿರ ಬರುತ್ತಲೇ ನಾನು ಎಡಕ್ಕೆ ವಾಲಿ, ಮುಂದಿನ ಸೀಟಿನ ಕಂಬಿ ಹಿಡಿದು, ಕಣ್ಣು ಮುಚ್ಚಿದೆ. ಯಾರಿಗೂ ಗೊತ್ತಾಗದ ಹಾಗೆ ಅದನ್ನು ಮಾಡಲು ಕಲಿತಿದ್ದೇನೆ ಎಂದುಕೊಂಡಿದ್ದೆ.

ಪಕ್ಕದಿಂದ ಅಕ್ಕನ ಧ್ವನಿ ಕೇಳಿತು. "ಈಗ ಸಂಕ ಹತ್ತಿತು. ಬಲಕ್ಕೆ ರೈಲಿನ ಸಂಕ ಕಾಣುತ್ತದೆ. ಕೆಳಗೆ ಒಂದು ಮರಳಿನ ದೋಣಿ, ಒಬ್ಬ ನಿಂತು ಬೀಡಿ ಎಳೆಯುತ್ತಾನೆ. ನೀರು ಶಾಂತ ಉಂಟು."

"ದಾಟಿತಾ ಅಕ್ಕ?"

"ದಾಟಿತು."

ಕಣ್ಣು ಬಿಟ್ಟೆ. ಎರಡೂ ಬದಿಗೆ ನೀರು. ಹೊಳೆ ಇನ್ನೂ ಅರ್ಧ ಉಳಿದಿತ್ತು.

"ಅವರಾಗಿದ್ದರೆ ಸುಳ್ಳು ಹೇಳುತ್ತಿರಲಿಲ್ಲ" ಎಂದರು ಅಕ್ಕ.